ಹೆಸರು ಬದಲಾದ ವರ್ಷದ ರಣಜಿ

1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಅದೇ ಋತುವಿನಲ್ಲಿ ನಮ್ಮ ತಂಡ ಮೊದಲ ಬಾರಿಗೆ ರಣಜಿ ಟ್ರೋಫಿ ಗೆದ್ದಿತು.

ನಂಜನಗೂಡು, ಟಿ. ನರಸೀಪುರದ ಕ್ರಿಕೆಟ್ ಪ್ರಿಯರು ಅದನ್ನು ಬೆಂಗಳೂರಿನ ಗೆಲುವೆಂದು ಬಿಟ್ಟುಕೊಡಬೇಕಿಲ್ಲ. ತಂಡದ ಸ್ಪಿನ್ನರ್ ಚಂದ್ರಶೇಖರ್ ಹುಟ್ಟಿದ್ದು ಪಕ್ಕದ ಮೈಸೂರಿನಲ್ಲಿ. ನಾಯಕ ಪ್ರಸನ್ನ ಎಂಜಿನಿಯರಿಂಗ್ ಓದಿದ್ದೂ ಅಲ್ಲಿಯೇ, ಎನ್‌ಐಇಯಲ್ಲಿ.

ಆ ಹೊತ್ತಿಗೆ ಬಾಂಬೆ ಸತತ 15 ವರ್ಷ ಕಪ್ಪನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. 1974ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಸೆಮಿಫೈನಲ್. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಕರ್ನಾಟಕದ ಮೊತ್ತ 385. ಆದರೂ ಎದುರಿಗಿದ್ದವರು ಗಾವಸ್ಕರ್, ವಾಡೇಕರ್. ಹಾಗಾಗಿ ನೆಮ್ಮದಿ ಎಲ್ಲಿಂದ ಬರಬೇಕು? ಪ್ರಸನ್ನ ತೇಲಿಬಿಟ್ಟ ಒಂದು ಚೆಂಡು ಗಾವಸ್ಕರ್ ಬ್ಯಾಟನ್ನು ತಪ್ಪಿಸಿ ಸ್ಟಂಪ್‌ಗೆ ಬಡಿಯಿತು. ರನ್ ಕದಿಯಲು ಓಡಿದ ವಾಡೇಕರ್ ಕಾಲುಜಾರಿ ರನೌಟ್ ಆದರು. ಬಾಂಬೆ 307ಕ್ಕೆ ಮುಗಿಯಿತು. ಮೊದಲ ಇನಿಂಗ್ಸ್‌ನ ಆ 78 ರನ್‌ಗಳ ಮುನ್ನಡೆಯೇ ಕರ್ನಾಟಕವನ್ನು ಫೈನಲ್‌ಗೆ ದಾಟಿಸಿತು.

ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿದ್ದು ಮುಂದಿನ ಕಥೆ. ಜನ ಇಂದಿಗೂ ಹೇಳುವುದು ಮಾತ್ರ ಸೆಮಿಫೈನಲ್ ಬಗ್ಗೆಯೇ, ಅದು ನ್ಯಾಯವೂ ಹೌದು.

ಆ ದಿನಗಳಲ್ಲಿ ಸ್ಕೋರಿಗಾಗಿ ರೇಡಿಯೊ, ಮರುದಿನದ ಪತ್ರಿಕೆಗೆ ಕಾದ ಹುಡುಗರು ಈಗ ಅರವತ್ತು ದಾಟಿದ್ದಾರೆ. ಕಪಿಲೆ, ಕಾವೇರಿ ದಡದ ಈ ಎರಡು ತಾಲ್ಲೂಕುಗಳಲ್ಲಿ ಅಂಥವರನ್ನು ಹುಡುಕಿ, ಅವರ ನೆನಪುಗಳನ್ನು ಯಾರಾದರೂ ಕೂಡಲೇ ಬರೆದಿಡಬೇಕು. ಸ್ಕೋರ್‌ಕಾರ್ಡು ಹೇಗೂ ದಾಖಲೆಯಲ್ಲಿದೆ, ಹಳ್ಳಿಯಲ್ಲಿ ಕೂತು ಕೇಳಿದವರ ಖುಷಿ ಮಾತ್ರ ಎಲ್ಲೂ ದಾಖಲಾಗಿಲ್ಲ.