ಬೆಂಚಿನ ಮೇಲಿನ ದಲ್ಲಾಳಿ

ಸಂಡೂರು ತಾಲ್ಲೂಕಿನ ಚೋರನೂರಿನಲ್ಲಿ ಹೊಲ ಮಾರಬೇಕಾದವರು ಮೊದಲು ಹುಡುಕುವುದು ಚಹಾದಂಗಡಿ ಬೆಂಚಿನ ಮೇಲೆ ಕೂತ ದಲ್ಲಾಳಿಯನ್ನು. ಆತನಿಗೆ ಬೋರ್ಡಿಲ್ಲ, ಆಫೀಸಿಲ್ಲ; ಇರುವುದು ಮಾತು. ಎರೆ ಯಾವುದು, ಮಸಾರಿ ಯಾವುದು, ಯಾವ ಮನೆಯಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ, ಎಲ್ಲವೂ ಬಾಯಿಪಾಠ.

2016ರ ರೇರಾ ಕಾಯ್ದೆ ಲೇಔಟಿನ ಸೈಟು, ಫ್ಲಾಟು ಮಾರಿಸುವ ಏಜೆಂಟರಿಗೆ ನೋಂದಣಿ ಕಡ್ಡಾಯ ಮಾಡಿತು. ಬರೀ ಹೊಲದ ವ್ಯಾಪಾರ ಅದರ ಲೆಕ್ಕಕ್ಕಿಲ್ಲ. 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಂಗಳು ಹೋದವು. ಬೇಸಾಯಗಾರರಲ್ಲದವರೂ ಹೊಲ ಕೊಳ್ಳಬಹುದು. ಗಿರಾಕಿ ಹೆಚ್ಚಿರಬೇಕಲ್ಲ ಎಂದರೆ ದಲ್ಲಾಳಿ ನಗುತ್ತಾನೆ. ಅವರು ಮೊಬೈಲಿನಲ್ಲಿ ಪಹಣಿ ನೋಡಿಯೇ ಬರುತ್ತಾರೆ. ತುಂಡು ಹೊಲವಾದರೆ 11ಇ ನಕ್ಷೆ ಎಲ್ಲಿ ಎನ್ನುತ್ತಾರೆ.

ಆತನಿಗೆ ಪಹಣಿಯ 11ನೇ ಕಲಂ ಕಂಡರೆ ಮಾತ್ರ ಎದೆ ಡವಗುಟ್ಟುತ್ತದೆ. ಹಿಂದೊಮ್ಮೆ ಅದನ್ನು ನೋಡದೆ, ಸರ್ಕಾರ ದಲಿತ ಕುಟುಂಬಕ್ಕೆ ಮಂಜೂರು ಮಾಡಿದ್ದ ಹೊಲ ಮಾರಿಸಿದ್ದ. ಅನುಮತಿಯಿಲ್ಲದ ಅಂಥ ಮಾರಾಟ 1978ರ ಪಿಟಿಸಿಎಲ್ ಕಾಯ್ದೆಯಂತೆ ಅಸಿಂಧು. ವಿಪರೀತ ತಡವಾದ ಅರ್ಜಿ ನಡೆಯದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದಾಗ ನಿಟ್ಟುಸಿರು ಬಿಟ್ಟಿದ್ದ. 2023ರ ತಿದ್ದುಪಡಿ ಅರ್ಜಿಗೆ ಕಾಲಮಿತಿಯೇ ಇಲ್ಲವೆಂದಿತು. ಮಾರಿದವನ ಮೊಮ್ಮಗ ಅರ್ಜಿ ಹಾಕಿದ. ಅದು ತಪ್ಪೆನ್ನಲು ದಲ್ಲಾಳಿಗೂ ಬಾಯಿಲ್ಲ.

ಕೊಂಡ ರೈತ ಬೆಂಚಿನ ಮುಂದೆ ಬಂದು ನಿಂತ. "ಮಾವಾ, ಕಮಿಷನ್ ನಿನ್ನ ಕೈ ಸೇರ್ತು. ನಾನೀಗ ಎಲ್ಲಿಗೆ ಹೋಗ್ಲಿ?"

ದಲ್ಲಾಳಿ ಅಂದಿನ ಕಮಿಷನ್ ಎಣಿಸಿ ಕೊಡಹೋದ. ರೈತ ಮುಟ್ಟಲಿಲ್ಲ. ಈಗ ಇಬ್ಬರೂ ಜೊತೆಯಾಗಿಯೇ ಎಸಿ ಕೋರ್ಟಿಗೆ ಅಲೆಯುತ್ತಾರೆ. ಬಸ್ ಚಾರ್ಜು ದಲ್ಲಾಳಿಯದು.