ಅಪ್ಪನ ಮೀನಿಗೊಂದು ಜೆರಾಕ್ಸ್ ಮಷೀನು

ಹೋದ ವರ್ಷ ದೀಪಾವಳಿ ರಜೆಯಲ್ಲಿ ಅಪ್ಪ ಹೆಬ್ಬೆರಳು ಕೊಯ್ದುಕೊಂಡರು. ದೊಡ್ಡ ಗಾಯವೇನಲ್ಲ, ಮೂರು ಹೊಲಿಗೆ. ಆದರೆ ಆಸ್ಪತ್ರೆಯಿಂದ ಬಂದವರೇ ಉಳಿ, ಚಾಕು, ಉಪ್ಪುಕಾಗದ ಎಲ್ಲವನ್ನೂ ಹಳೇ ಬಿಸ್ಕತ್ ಡಬ್ಬಕ್ಕೆ ತುಂಬಿ ಅಟ್ಟದ ಮೇಲೆ ಇಡಿಸಿದರು. "ಸಾಕು ಕಣಮ್ಮ, ಇನ್ನು ನನ್ನ ಕೈಲಿ ಆಗಲ್ಲ" ಅಂದರು. ಅಮ್ಮ ಏನೂ ಮಾತಾಡಲಿಲ್ಲ. ನಾನೂ ಸುಮ್ಮನಾದೆ.

ಅಪ್ಪ ಕಾಮಾಕ್ಷಿಪಾಳ್ಯದ ಒಂದು ಚಿಕ್ಕ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಟರ್ನರ್ ಆಗಿದ್ದವರು. ವಾರವೆಲ್ಲಾ ಲೇತ್ ಮುಂದೆ ನಿಂತು, ಭಾನುವಾರ ಬೆಳಗ್ಗೆ ಮೊಪೆಡ್ ಹತ್ತಿ ಮಾಗಡಿ ಕಡೆಯ ಯಾವುದಾದರೂ ಕೆರೆಗೆ ಹೋಗೋದು ಅವರ ಲಕ್ಷುರಿ. ಹೈಸ್ಕೂಲು ಮುಗಿಯೋವರೆಗೂ ಹಿಂದಿನ ಸೀಟಿನಲ್ಲಿ ನಾನಿರ್ತಿದ್ದೆ. ಎಲ್ಲರೂ ಗಾಳಕ್ಕೆ ಎರೆಹುಳ ಚುಚ್ಚಿದರೆ ಅಪ್ಪ ಮಾತ್ರ ಕೈಯಾರೆ ಕೆತ್ತಿದ ಒಂದು ಮರದ ಮೀನನ್ನು ಕಟ್ತಿದ್ದರು. ಅಂಗಡಿಯಲ್ಲಿ ಇದನ್ನ ಲೂರ್ ಅಂತಾರೆ. ಅಪ್ಪನ ಬಾಯಲ್ಲಿ ಅದು ಮರಮೀನು.

ಮರಮೀನು ಇದ್ದಿದ್ದು ಕೊರಮೀನಿಗಾಗಿ. ಹಾವಿನಂಥ ತಲೆ, ಉದ್ದನೆ ಮೈ. ಉಸಿರಿಗೆ ನೀರಿನ ಮೇಲೆ ಬಂದು ಗಾಳಿ ಗುಟುಕರಿಸಿ ಹೋಗುವ ಮೀನು ಅದು. ಕಪ್ಪೆಯನ್ನೂ ಬಿಡೋದಿಲ್ಲ, ಸಣ್ಣ ಮೀನನ್ನೂ ಬಿಡೋದಿಲ್ಲ. ಕಾವೇರಿಯ ಬಿಳಿಮೀನಿನ ಕಥೆಗಳು ನಿಮಗೆ ಗೊತ್ತಿರಬಹುದು. ಭೀಮೇಶ್ವರಿ, ಗಾಲಿಬೋರೆ ಕಡೆ ಅದನ್ನು ಹಿಡಿಯೋಕೆ ವಿದೇಶದಿಂದೆಲ್ಲ ಬಂದು ರಾಗಿ ಹಿಟ್ಟಿನ ಉಂಡೆಯನ್ನು ಗಾಳಕ್ಕೆ ಸಿಕ್ಕಿಸ್ತಿದ್ದರು. ಬೆನ್ನುಬ್ಬಿದ ಆ ಮಹಶೀರ್ 2018ರಲ್ಲಿ ಅಳಿವಿನ ಅಂಚಿನ ಪಟ್ಟಿ ಸೇರಿತು. ನಮ್ಮದು ಅಷ್ಟು ದೊಡ್ಡ ವ್ಯವಹಾರ ಅಲ್ಲ ಬಿಡಿ.

ನಾಲ್ಕು ವರ್ಷದ ಹಿಂದೆ ಅಪ್ಪನಿಗೆ ಪಾರ್ಕಿನ್ಸನ್ಸ್ ಅಂತ ಗೊತ್ತಾಯ್ತು. ಬಲಗೈ ನಡುಗುತ್ತೆ. ವಿಚಿತ್ರ ಅಂದರೆ ಸುಮ್ಮನೆ ಕೂತಾಗಲೇ ನಡುಕ ಜಾಸ್ತಿ, ಏನಾದರೂ ಹಿಡಿಯೋಕೆ ಹೋದರೆ ಕಡಿಮೆಯಾಗುತ್ತೆ. ಆದರೆ ಬೆರಳು ಬಿಗಿ, ನಿಧಾನ. ಚಾಕು ತಿರುಗಿಸಬೇಕಾದ ಕಡೆ ತಿರುಗೋದಿಲ್ಲ. ಹೆಬ್ಬೆರಳಿಗೆ ಆಗಿದ್ದೂ ಅದೇ. ಮನೆಯಲ್ಲಿ ಉಳಿದಿದ್ದು ಒಂದೇ ಒಂದು ಮರಮೀನು, ಒಂಬತ್ತು ಸೆಂಟಿಮೀಟರ್ ಉದ್ದದ್ದು. ಮಿಕ್ಕಿದ್ದೆಲ್ಲ ಕೆರೆಗಳ ಪಾಲು.

ನಾನು ಮೆಕ್ಯಾನಿಕಲ್ ಓದಿ ಸಾಫ್ಟ್‌ವೇರಿಗೆ ಬಂದವಳು. ಕಾಪಿ ಪೇಸ್ಟ್ ಮಾಡೋದೇ ನಮ್ಮ ಕಸುಬು ಅಂತ ಜೋಕ್ ಮಾಡ್ತೀವಲ್ಲ, ಆ ಕಸುಬನ್ನ ಮರದ ಮೇಲೆ ಮಾಡಿದರೆ ಹೇಗೆ ಅನ್ನಿಸಿದ್ದು ವಿಜಯನಗರ ಬಸ್ ಸ್ಟ್ಯಾಂಡ್ ಹತ್ತಿರ ಡೂಪ್ಲಿಕೇಟ್ ಕೀ ಮಾಡಿಸೋವಾಗ. ಒಂದು ಕಡೆ ಅಸಲಿ ಕೀ, ಪಕ್ಕದಲ್ಲಿ ಖಾಲಿ ಕೀ. ಅಸಲಿಯ ಹಲ್ಲುಗಳ ಮೇಲೆ ಒಂದು ಮೊಳೆ ಏರಿಳೀತಾ ಹೋದ ಹಾಗೆ, ಪಕ್ಕದ ಚಕ್ರ ಖಾಲಿ ಕೀಯನ್ನ ಹಾಗೇ ಕೊರೀತಾ ಹೋಗುತ್ತೆ. ಅರ್ಧ ನಿಮಿಷದ ಕೆಲಸ.

ಕೀ ಚಪ್ಪಟೆ, ಮೀನು ಚಪ್ಪಟೆಯಲ್ಲ. ಹಾಗಂತ ದುಂಡಗೂ ಇಲ್ಲ. ಚನ್ನಪಟ್ಟಣದ ಬೊಂಬೆಯ ಹಾಗೆ ದುಂಡಗಿದ್ದಿದ್ದರೆ ಅಪ್ಪನೇ ಲೇತ್‌ಗೆ ಹಾಕಿ ದಿನಕ್ಕೆ ನೂರು ತೆಗೀತಿದ್ದರು. ಈ ತಲೆನೋವು ಹಳೆಯದು. ಬಂದೂಕಿನ ಮರದ ಹಿಡಿ ಕೂಡ ಅಡ್ಡಾದಿಡ್ಡಿ ಆಕಾರದ್ದೇ. ಅಮೆರಿಕದ ಥಾಮಸ್ ಬ್ಲಾಂಚಾರ್ಡ್ 1819ರಲ್ಲಿ ಅದಕ್ಕೊಂದು ಲೇತ್ ಮಾಡಿದ. ಮಾದರಿ ಮತ್ತು ಮರ ಎರಡೂ ಒಂದೇ ಲಯದಲ್ಲಿ ತಿರುಗುತ್ತವೆ. ಮಾದರಿಯ ಮೇಲೆ ಒಂದು ಉರುಳೆ, ಮರದ ಮೇಲೆ ಕತ್ತರಿಸುವ ಚಕ್ರ. ಉರುಳೆ ಹೊರಗೆ ಬಂದರೆ ಚಕ್ರವೂ ಹೊರಗೆ, ಒಳಗೆ ಹೋದರೆ ಒಳಗೆ. ಆಮೇಲೆ ಚಪ್ಪಲಿ ಅಚ್ಚು, ಕೊಡಲಿ ಕಾವು ಎಲ್ಲಾ ಅದೇ ಉಪಾಯದಲ್ಲಿ ಬಂದವು. ಇನ್ನೂರು ವರ್ಷದ ಹಿಂದಿನ ಐಡಿಯಾ, ನಮ್ಮ ಮನೆ ಟೆರೇಸಿಗೆ ಸಾಕು ಅಂದುಕೊಂಡೆ.

ಜೆ.ಸಿ. ರೋಡಿನಲ್ಲಿ ಹಳೇ ಕಾರಿನ ವೈಪರ್ ಮೋಟಾರ್, ಅದಕ್ಕೆ ಕರೆಂಟು ಸತ್ತ ಡೆಸ್ಕ್‌ಟಾಪಿನ ಪವರ್ ಸಪ್ಲೈಯಿಂದ. ಮಾದರಿಯನ್ನೂ ಮರವನ್ನೂ ಒಟ್ಟಿಗೆ ತಿರುಗಿಸೋಕೆ ಸೈಕಲ್ ಚೈನು. ಉದ್ದಕ್ಕೆ ಜಾರೋಕೆ ಅಡುಗೆಮನೆ ಡ್ರಾಯರಿಗೆ ಹಾಕುವ ಚಾನೆಲ್. ಕೆತ್ತೋಕೆ ಬಡಗಿಗಳ ಟ್ರಿಮ್ಮರ್ ರೂಟರ್, ವೈಫೈ ರೂಟರ್ ಅಲ್ಲ. ಮರ ಮಾತ್ರ ಚನ್ನಪಟ್ಟಣದಿಂದ ತಂದ ಹಾಲೆ. ಮೊದಲ ದಿನವೇ ಮರದ ತುಂಡು ಕಳಚಿ ಹಾರಿ ನೀರಿನ ಟ್ಯಾಂಕಿಗೆ ಬಡಿಯಿತು. ಅವತ್ತಿಂದ ಹೆಲ್ಮೆಟ್. ಪಕ್ಕದ ಮನೆ ಆಂಟಿ ಎರಡು ಸಲ ಬಂದು ಮಿಕ್ಸಿ ಕೆಟ್ಟಿದ್ಯಾ ಅಂತ ಕೇಳಿಕೊಂಡು ಹೋದರು.

ಮೊದಲ ಕಾಪಿ ಬಂದಾಗ ಅಮ್ಮ ನಕ್ಕು ನಕ್ಕು ಸುಸ್ತಾದರು. ಬಸುರಿ ಮೀನು! ಉರುಳೆಗೆ ಅಂತ ನಾನು ಹಾಕಿದ್ದ ಬೇರಿಂಗ್ 22 ಮಿಲಿಮೀಟರ್, ಕತ್ತರಿಸೋ ಬಿಟ್ 12. ಬೇರಿಂಗಿನ ಅರ್ಧ 11, ಬಿಟ್ಟಿನ ಅರ್ಧ 6. ಸುತ್ತಲೂ 5 ಮಿಲಿಮೀಟರ್ ಮರ ಹಾಗೇ ಉಳಿದುಕೊಂಡಿತ್ತು. ಕಿವಿರಿನ ಹತ್ತಿರದ ತಗ್ಗಿಗಂತೂ ಅಷ್ಟು ದಪ್ಪದ ಬೇರಿಂಗ್ ಇಳಿಯೋದೇ ಇಲ್ಲ. ಮುಟ್ಟೋದೂ ಕತ್ತರಿಸೋದೂ ಒಂದೇ ಅಳತೆ, ಒಂದೇ ಆಕಾರ ಇರಬೇಕು. ಇಂಜಿನಿಯರಿಂಗ್ ಓದಿದವಳಿಗೆ ಇದು ಮೊದಲೇ ಹೊಳೀಬೇಕಿತ್ತು.

ಎರಡನೇ ಕಾಪಿಯ ಬೆನ್ನು ಸೊಟ್ಟ. ಕುರ್ಚಿಯಲ್ಲಿ ಪೇಪರ್ ಓದ್ತಿದ್ದ ಅಪ್ಪ ತಲೆ ಎತ್ತದೆ ಹೇಳಿದರು: "ಚೈನಲ್ಲಿ ಪ್ಲೇ ಇದೆ, ಸದ್ದು ಕೇಳಿಸಲ್ವಾ?" ಆ ಡಬ್ಬ ಅಟ್ಟಕ್ಕೆ ಹೋದಮೇಲೆ ಈ ವಿಷಯದಲ್ಲಿ ಅವರು ಆಡಿದ ಮೊದಲ ಮಾತದು. ಎಸ್.ಪಿ. ರೋಡಿಗೆ ಹೋಗಿ ತ್ರೀಡಿ ಪ್ರಿಂಟರಿಗೆ ಹಾಕುವ ಹಲ್ಲಿನ ಬೆಲ್ಟು, ಎರಡು ಸಮ ಪುಲ್ಲಿ ತಂದೆ.

ಇಲ್ಲಿವರೆಗೂ ನಾನು ಒಂದು ವಿಷಯ ಮುಚ್ಚಿಟ್ಟಿದ್ದೆ. ಮಷೀನಿಗೆ ಹಾಕಿದ್ದು ಅಪ್ಪನ ಮರಮೀನನ್ನಲ್ಲ. ಹಾಕಬೇಕಂದರೆ ಮೂತಿಗೂ ಬಾಲಕ್ಕೂ ತೂತು ಕೊರೀಬೇಕು, ಉರುಳೆ ಉಜ್ಜಿ ಬಣ್ಣ ಹೋಗುತ್ತೆ. ಇರೋದು ಒಂದೇ. ಮನಸ್ಸು ಬರಲಿಲ್ಲ. ಅದಕ್ಕೇ ಪಿಒಪಿಯಲ್ಲಿ ಅಚ್ಚು ತೆಗೆದು, ಎಂ-ಸೀಲ್ ತುಂಬಿ, ಒಂದು ನಕಲಿ ಮಾದರಿ ಮಾಡಿಕೊಂಡಿದ್ದೆ. ವರ್ನಿಯರ್ ಹಿಡಿದು ನೋಡಿದರೆ ಹೊಟ್ಟೆಯ ಬಲಪಕ್ಕ ಒಂದೂವರೆ ಮಿಲಿಮೀಟರ್ ಉಬ್ಬು. ಕೈತಪ್ಪು ಅಂದುಕೊಂಡು ಉಜ್ಜಿ ಎರಡೂ ಪಕ್ಕ ಸಮ ಮಾಡಿದ್ದೆ. ಬಗ್ ಫಿಕ್ಸ್ ಮಾಡಿದಷ್ಟು ಖುಷಿ ಆಗಿತ್ತು ಅವತ್ತು.

ಮೂರನೇ ಕಾಪಿ ಅಂದವಾಗಿ ಬಂತು. ಬಚ್ಚಲುಮನೆಯ ದೊಡ್ಡ ಬಕೆಟ್ಟಿನಲ್ಲಿ ತೇಲಿಸಿದೆ. ಅಪ್ಪ ಬಾಗಿಲಿಗೆ ಒರಗಿ ನಿಂತು ನೋಡಿದರು.

"ಇದು ಸತ್ತೋಗಿದೆ."

"ಯಾಕಪ್ಪಾ, ನೆಟ್ಟಗೆ ನಿಂತಿದ್ಯಲ್ಲ?"

"ಅದೇ ಮತ್ತೆ. ಏಟು ತಿಂದ ಮೀನು ನೆಟ್ಟಗೆ ನಿಲ್ಲುತ್ತಾ? ದಾರ ಸಡಿಲ ಬಿಟ್ಟಾಗ ಇದು ಒಂದು ಪಕ್ಕಕ್ಕೆ ವಾಲಬೇಕು. ಆವಾಗಲೇ ಕೊರಮೀನು ನುಗ್ಗೋದು. ಆ ಪಕ್ಕದ ಉಬ್ಬು ಎಲ್ಲಿ ಹೋಯ್ತು?"

ಹೇಳಿದೆ. ನಕಲಿ ಮಾದರಿ ವಿಷಯ, ಉಜ್ಜಿದ್ದು, ಎಲ್ಲಾ. ಬೈತಾರೆ ಅಂದುಕೊಂಡಿದ್ದೆ. ಶೋಕೇಸಿನಿಂದ ಮರಮೀನು ತಂದು ನನ್ನ ಕೈಗಿಟ್ಟರು. "ಇದನ್ನೇ ಹಾಕು. ನೋಡ್ಕೊಂಡು ಕೂರೋಕಾ ನಾನು ಮಾಡಿದ್ದು?" ಮೂತಿಗೆ ಡ್ರಿಲ್ ಇಡುವಾಗ ನಡುಗಿದ್ದು ನನ್ನ ಕೈ.

ಒಂದೇ ಸಂಜೆ ಮೂರು ಕಾಪಿ ತೆಗೆದೆ. ಉಬ್ಬು ಸಮೇತ, ಅಪ್ಪನ ಚಾಕು ಬೆನ್ನಿನ ಮೇಲೆ ಬಿಟ್ಟಿದ್ದ ಸಣ್ಣ ಕಚ್ಚಿನ ಸಮೇತ ಬಂದವು. ಬಕೆಟ್ಟಿಗೆ ಹಾಕಿದರೆ ಮೂರೂ ಮೂರು ಥರ! ಒಂದು ಪೂರ್ತಿ ಮಗುಚಿತು, ಒಂದು ಅಲುಗಲಿಲ್ಲ, ಇನ್ನೊಂದು ಹೇಗೋ ವಾಲಿತು. ಅಡುಗೆಮನೆ ತಕ್ಕಡಿಗೆ ಹಾಕಿದೆ. 15 ಗ್ರಾಂ, 18, 16. ಮಷೀನು ಆಕಾರ ಕಾಪಿ ಮಾಡುತ್ತೆ, ಮರದ ತೂಕ ಕಾಪಿ ಮಾಡೋದಿಲ್ಲ. ಒಂದೇ ಹಾಲೆ ಮರದಲ್ಲೂ ಒಂದು ಕಡೆ ಗಟ್ಟಿ, ಒಂದು ಕಡೆ ಹಗುರ.

ನಾನು ಲ್ಯಾಪ್‌ಟಾಪ್ ತೆಗೆದು ಲೆಕ್ಕ ಹಾಕೋಕೆ ಕೂತೆ. ಅಷ್ಟರಲ್ಲಿ ಅಪ್ಪ ಸ್ಟೂಲ್ ಎಳಕೊಂಡು ಬಕೆಟ್ ಮುಂದೆ ಕೂತಿದ್ದರು. ಮೀನನ್ನ ನೀರಿಗೆ ಬಿಡೋದು, ಬೆರಳ ತುದಿಯಲ್ಲಿ ಒತ್ತೋದು, ಅದು ಏಳೋ ರೀತಿ ನೋಡೋದು, ಮತ್ತೆ ಒತ್ತೋದು. ಆಮೇಲೆ ಪೆನ್ಸಿಲ್ ಕೇಳಿ, ಹೊಟ್ಟೆಯ ಕೆಳಗೆ ಚುಕ್ಕೆ ಇಟ್ಟರು. "ಇಲ್ಲಿ ಸೀಸ. ಬಟಾಣಿ ಕಾಳಿನ ಅರ್ಧ." ಚುಕ್ಕೆ ಗೆರೆಯಾಗಿ ಎಳೆದುಹೋಗಿತ್ತು, ಆದರೂ ಎಲ್ಲಿ ಅಂತ ಗೊತ್ತಾಯ್ತು. ನಾನು ಕೊರೆದು ಸೀಸ ತುಂಬಿದೆ. ಹನ್ನೊಂದು ಗಂಟೆವರೆಗೆ ಬಚ್ಚಲುಮನೆಯಲ್ಲೇ ಇದ್ದೆವು. ಅಮ್ಮ ಊಟಕ್ಕೆ ಕರೆದು ಕರೆದು ಸಾಕಾಗಿ ಬಡಿಸಿದ ತಟ್ಟೆಯನ್ನು ಅಲ್ಲಿಗೇ ತಂದರು.

ಫೆಬ್ರವರಿಯಲ್ಲಿ ಒಂದು ಭಾನುವಾರ, ಮೊಪೆಡ್ ಬದಲು ನನ್ನ ಕಾರಿನಲ್ಲಿ, ಮಾಗಡಿ ಕಡೆಯ ಅದೇ ಹಳೇ ಕೆರೆಗೆ ಹೋದೆವು. ಮೀನಿನ ಗುತ್ತಿಗೆದಾರರಿಗೆ ಅಪ್ಪನ ಗುರುತಿತ್ತು. ನಾನೇ ಬೀಸಿದೆ. ದಾರ ಸಡಿಲ ಬಿಟ್ಟಾಗ ಮೀನು ಬಲಕ್ಕೆ ವಾಲಿತು. ಅಪ್ಪ ಏನೂ ಹೇಳಲಿಲ್ಲ, ಟೋಪಿ ಸರಿ ಮಾಡಿಕೊಂಡರು. ಸ್ವಲ್ಪ ದೂರದಲ್ಲಿ ನೀರಿನ ಮೇಲೆ ಕೆಂಪು ಮೋಡದ ಹಾಗೆ ಏನೋ ಕದಲಿತು. ಕೊರಮೀನಿನ ಮರಿಗಳ ಗುಂಪು. ಅದರ ಕೆಳಗೆ ಕಾವಲಿಗೆ ಅಪ್ಪ ಅಮ್ಮ ಇರುತ್ತವೆ, ಎದುರಿಗೆ ಏನು ಬಂದರೂ ಕಚ್ಚುತ್ತವೆ. ಹಿಡಿಯೋದು ಸುಲಭ. "ಆ ಕಡೆ ಬೇಡ, ಎಳ್ಕೋ" ಅಂದರು. ಅವಸರದಲ್ಲಿ ಎಳೆದೆ, ಮರಮೀನು ಹೋಗಿ ನೀರೊಳಗಿನ ಜಾಲಿ ಪೊದೆಗೆ ಸಿಕ್ಕಿಕೊಂಡಿತು.

ಮುಂಚೆ ಆಗಿದ್ದರೆ ಅಪ್ಪ ಪಂಚೆ ಕಟ್ಟಿ ಎದೆಮಟ್ಟ ನೀರಿಗೆ ಇಳೀತಿದ್ದರು, ನಾನು ದಡದಲ್ಲಿ ಹೆದರಿಕೊಂಡು ನಿಂತಿರ್ತಿದ್ದೆ. ಈ ಸಲ ದಾರವನ್ನ ಕೈಗೆ ಸುತ್ತಿಕೊಂಡು ಒಂದೇ ಜಗ್ಗಿಗೆ ಕಿತ್ತುಹಾಕಿದರು.

"ಬಿಡು. ಹಾಲೆ ಮರ ಇನ್ನೆಷ್ಟು ತುಂಡಿದೆ ಮನೇಲಿ?"

"ಹದಿನಾಲ್ಕು."

"ಹೋಗ್ತಾ ಆ ಡಬ್ಬ ಇಳಿಸಿ ಕೊಡು. ಉಪ್ಪುಕಾಗದ ಅದರಲ್ಲೇ ಇದೆ."