ಮನೆಯ ಚಿತ್ರಗಳೂ ಅವುಗಳ ಹೆಸರುಗಳೂ

ಹಿಂದಿನವರ ಮನೆಗಳಲ್ಲಿ ಭಾವಚಿತ್ರಗಳು ವಿರಳವಾಗಿದ್ದುವು. ಗೋಡೆಯ ಮೇಲೆ ನಾಲ್ಕು, ಪೆಟ್ಟಿಗೆಯಲ್ಲಿ ಹತ್ತು. ಅವು ಯಾರವೆಂಬುದನ್ನು ಮನೆಯ ಮಕ್ಕಳೆಲ್ಲರೂ ಬಲ್ಲವರಾಗಿದ್ದರು. ಈಗಲಾದರೋ ಒಂದು ಮದುವೆಯಲ್ಲಿಯೇ ಸಾವಿರಾರು ಚಿತ್ರಗಳು ಹುಟ್ಟುತ್ತವೆ. ಚಿತ್ರಗಳಿಗೆ ಬರವಿಲ್ಲ, ಬೇಕಾದ ಚಿತ್ರವು ಬೇಕಾದಾಗ ಕೈಗೆ ಸಿಕ್ಕುವುದಿಲ್ಲ, ಅಷ್ಟೆ.

ನಮ್ಮ ಮನೆಯ ಗಣಕದಲ್ಲಿ ಇಂತಹ ಚಿತ್ರಗಳು ಸುಮಾರು 40,000 ಕೂಡಿರುತ್ತವೆ. ಅವುಗಳಲ್ಲಿ ಹಳೆಯ ಆಲ್ಬಮ್ಮುಗಳಿಂದ ಸ್ಕ್ಯಾನ್ ಮಾಡಿಸಿದುವು 600. ಈ 600ರಲ್ಲಿರುವವರನ್ನು ಗುರುತಿಸಬಲ್ಲವರು ಈಗ ಒಬ್ಬರೇ ಉಳಿದಿದ್ದಾರೆ: 86 ವರ್ಷ ವಯಸ್ಸಿನ ನಮ್ಮ ಸೋದರತ್ತೆಯವರು. ಅವರ ನೆನಪು ಕೆಲವು ದಿನ ತಿಳಿಯಾಗಿಯೂ ಕೆಲವು ದಿನ ಮಬ್ಬಾಗಿಯೂ ಇರುತ್ತದೆ. ಆದುದರಿಂದ ಚಿತ್ರಗಳನ್ನು ಓರಣಗೊಳಿಸುವುದಕ್ಕೆ ಯಾವ ತಂತ್ರಾಂಶವನ್ನು ಆರಿಸತಕ್ಕುದೆಂಬುದು ನಮಗೆ ವಿನೋದದ ವಿಷಯವಾಗಿರಲಿಲ್ಲ. ಅತ್ತೆಯವರು ಹೇಳುವ ಹೆಸರುಗಳನ್ನು ಎಲ್ಲಿ ಬರೆದಿಟ್ಟರೆ ಅವು ನಮ್ಮ ಮೊಮ್ಮಕ್ಕಳ ಕಾಲಕ್ಕೆ ತಲಪುವುವು ಎಂಬುದೇ ನಿಜವಾದ ಪ್ರಶ್ನೆಯಾಗಿತ್ತು.

ತಂತ್ರಾಂಶಗಳು ಅಲ್ಪಾಯುಗಳು. ಗೂಗಲ್ ಸಂಸ್ಥೆಯ ಪಿಕಾಸಾ ಅನೇಕ ಮನೆಗಳಿಗೆ ಪ್ರಿಯವಾಗಿದ್ದಿತು. 2016ರಲ್ಲಿ ಸಂಸ್ಥೆಯು ಅದನ್ನು ಕೈಬಿಟ್ಟಿತು. ಆಪಲ್ ಸಂಸ್ಥೆಯ ಅಪರ್ಚರ್ 2015ರಲ್ಲಿ ಮಾರಾಟದಿಂದ ಮರೆಯಾಯಿತು. ಇದಕ್ಕಾಗಿ ಯಾರನ್ನೂ ದೂರಬೇಕಾದುದಿಲ್ಲ. ವ್ಯಾಪಾರದ ರೀತಿಯೇ ಹಾಗೆ. ಆದರೆ ಒಂದು ತಂತ್ರಾಂಶವನ್ನು ಮನೆಗೆ ತರುವಾಗಲೇ ಅದನ್ನು ಬಿಡುವ ದಿನವನ್ನೂ ಯೋಚಿಸುವುದು ವಿವೇಕ.

ಹೆಸರುಗಳನ್ನು ಬರೆದಿಡಲು ಎರಡು ಸ್ಥಳಗಳುಂಟು. ತಂತ್ರಾಂಶವು ತನಗಾಗಿ ಇಟ್ಟುಕೊಳ್ಳುವ ಲೆಕ್ಕದ ಪುಸ್ತಕವು ಒಂದು. ಚಿತ್ರದ ಕಡತವೇ ಇನ್ನೊಂದು. ಹಿರಿಯರು ಭಾವಚಿತ್ರದ ಬೆನ್ನಿಗೆ ಪೆನ್ಸಿಲಿನಿಂದ ಹೆಸರು ಬರೆಯುತ್ತಿದ್ದರಲ್ಲವೆ? ಕಡತಕ್ಕೂ ಅಂತಹ ಬೆನ್ನೊಂದಿದೆ. ದಿನಾಂಕ, ಕ್ಯಾಮೆರಾ ಮೊದಲಾದುವನ್ನು ಎಕ್ಸಿಫ್ ಎಂಬ ಪದ್ಧತಿಯಲ್ಲಿ ಕ್ಯಾಮೆರಾವೇ ಅಲ್ಲಿ ಬರೆಯುತ್ತದೆ; ಹೆಸರು, ವಿವರಣೆಗಳನ್ನು ನಾವು ಎಕ್ಸ್‌ಎಂಪಿ ಎಂಬ ಪದ್ಧತಿಯಲ್ಲಿ ಬರೆಯಬಹುದು. ಇದು ಯೂನಿಕೋಡನ್ನು ಅವಲಂಬಿಸಿರುವುದರಿಂದ ಕನ್ನಡಕ್ಕೂ ಅಡ್ಡಿಯಿಲ್ಲ.

ನಾವು ಮಾಡಿದ ಪರೀಕ್ಷೆಯು ಸರಳವಾದುದು. ವಾಚಕರೂ ಮಾಡಿ ನೋಡಬಹುದು. ಒಂದು ಚಿತ್ರಕ್ಕೆ ಕನ್ನಡದಲ್ಲಿ ಹೆಸರು ಬರೆದು, ಆ ಚಿತ್ರವನ್ನು ಮಾತ್ರ ಬೇರೊಂದು ಗಣಕಕ್ಕೆ ಒಯ್ದು, ಬೇರೊಂದು ತಂತ್ರಾಂಶದಲ್ಲಿ ತೆರೆಯಬೇಕು. ಹೆಸರು ಕಾಣಿಸಿದರೆ ಅದು ಚಿತ್ರದೊಡನೆ ಬಂದಿತೆಂದು ತಿಳಿಯಬೇಕು. ಕಾಣಿಸದಿದ್ದರೆ ಲೆಕ್ಕದ ಪುಸ್ತಕದಲ್ಲಿಯೇ ಉಳಿಯಿತೆಂದು ಶಂಕಿಸಬೇಕು.

ಅಡೋಬಿ ಸಂಸ್ಥೆಯ ಲೈಟ್‌ರೂಮ್ ಕ್ಲಾಸಿಕ್ ಬಹು ಸಮರ್ಥವಾದುದು. ಹೇಳಿದರೆ ಹೆಸರುಗಳನ್ನು ಕಡತಕ್ಕೂ ಬರೆಯುತ್ತದೆ. ಆದರೆ ಅದಕ್ಕೆ ಚಂದಾ ಸಲ್ಲುತ್ತಲೇ ಇರಬೇಕು. ಡಿಜಿಕ್ಯಾಮ್ ಉಚಿತವಾದುದು, ಅದರ ಮೂಲಸಂಕೇತವೂ ಬಹಿರಂಗ. ಮುಖಗಳ ಹೆಸರುಗಳನ್ನು ಸಹ ಕಡತದಲ್ಲಿ ಬರೆಯುವಂತೆ ಅದಕ್ಕೆ ಆಜ್ಞೆ ಕೊಡಬಹುದು. ಮೊದಮೊದಲು ಅದರ ಗುಂಡಿಗಳ ಸಂತೆಯಲ್ಲಿ ದಾರಿ ತಪ್ಪುವುದುಂಟು. ಆದರೂ ನಾವು ಅದನ್ನೇ ಆರಿಸಿದೆವು. ಮಾಸಿದ ಚಿತ್ರಗಳನ್ನು ತಿದ್ದುವುದಕ್ಕೆ ಡಾರ್ಕ್‌ಟೇಬಲನ್ನು ಇಟ್ಟುಕೊಂಡಿದ್ದೇವೆ. ಅದು ಮೂಲವನ್ನು ಮುಟ್ಟದೆ, ತಿದ್ದಿದ ಕ್ರಮವನ್ನು ಮಾತ್ರ ಬೇರೆಯಾಗಿ ಬರೆದಿಡುತ್ತದೆ. ಒಂದು ತಂತ್ರಾಂಶದ ತಿದ್ದುಪಡಿಯನ್ನು ಇನ್ನೊಂದು ಹಾಗೆಯೇ ಅನುಸರಿಸಲಾರದಾದ ಕಾರಣ, ತಿದ್ದಿದ ಚಿತ್ರದ ಪ್ರತಿಯೊಂದನ್ನು ಮೂಲದ ಪಕ್ಕದಲ್ಲಿಯೇ ಇಡುತ್ತೇವೆ.

ಈಗ ಸಂಜೆಗಳಲ್ಲಿ ಅತ್ತೆಯವರೊಡನೆ ಕುಳಿತು ದಿನಕ್ಕೆ ಐದಾರು ಚಿತ್ರಗಳನ್ನು ನೋಡುತ್ತೇವೆ. ಒಂದೇ ಮುಖವಿರುವ ಚಿತ್ರಗಳನ್ನು ಯಂತ್ರವು ಒಟ್ಟುಗೂಡಿಸಿ ಕೊಡುತ್ತದೆ. ಆ ಮುಖವು ಯಾರದೆಂಬುದನ್ನು ಅರಿಯದು. ಮೊನ್ನೆ ಎರಡು ಜಡೆಯ ಹುಡುಗಿಯೊಬ್ಬಳ ಚಿತ್ರವನ್ನು ಅತ್ತೆಯವರು ಬಹಳ ಹೊತ್ತು ನೋಡಿದರು. “ಇವಳು ನಮ್ಮ ಸೀತೆ ಕಣೋ. ನನ್ನ ಜೊತೆ ಶಾಲೆಗೆ ಬರ್ತಿದ್ದಳು. ಮದುವೆಯಾಗಿ ಹೋದವಳು ಮತ್ತೆ ಊರಿಗೆ ಬರಲೇ ಇಲ್ಲ” ಎಂದರು. ಆ ಮಾತನ್ನು ಹಾಗೆಯೇ ವಿವರಣೆಯ ಸ್ಥಳದಲ್ಲಿ ಬರೆದೆವು. ಸೀತೆಯ ಹೆಸರು ಬೇರೆ ಎಲ್ಲಿಯಾದರೂ ಉಳಿದಿದೆಯೋ ಇಲ್ಲವೋ ದೇವರೇ ಬಲ್ಲ.

ಇಷ್ಟಾದರೂ ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿಡಬಾರದು. ಒಂದು ಪ್ರತಿಯು ಮನೆಯಲ್ಲಿರಲಿ, ಇನ್ನೊಂದು ಪ್ರತಿಯು ಬೇರೆ ಊರಿನ ನಂಟರಲ್ಲಿರಲಿ. ಇನ್ನು ಯಾವ ತಂತ್ರಾಂಶವು ಉತ್ತಮವೆಂಬ ಚರ್ಚೆಯು ಮುಗಿಯುವವರೆಗೆ ಕಾಯಬೇಕಾದುದಿಲ್ಲ. ಮನೆಯಲ್ಲಿ ಹಿರಿಯರಿದ್ದರೆ, ಒಂದು ನೋಟುಪುಸ್ತಕವನ್ನು ಹಿಡಿದಾದರೂ ಇಂದು ಸಂಜೆಯೇ ಅವರ ಪಕ್ಕದಲ್ಲಿ ಕುಳಿತು ಹೆಸರುಗಳನ್ನು ಕೇಳಿ ಬರೆದುಕೊಳ್ಳುವುದು ಲೇಸು.